ನಿಮ್ಮ ವಿಡಿಯೋದ ಲಿಂಕ್ ಯಾರ ಪುಟದಲ್ಲಿದೆ?

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಹೊಳೆ ದಾಟಿದರೆ ಜಮಖಂಡಿ, ಮುಧೋಳ. ಎಲ್ಲಿ ಹೋದರೂ ಈಗ ಓಣಿಗೊಂದು ಯೂಟ್ಯೂಬ್ ಚಾನೆಲ್ ಇದೆ. ರೊಟ್ಟಿ ಬಡಿಯುವವರದು, ಭಜನಾ ಮಂಡಳಿಯದು, ಕುಸ್ತಿ ಕಣದ್ದು, ನಿಂಬೆ ತೋಟದ್ದು. ವಿಷಯ ಚಲೋ ಇರುತ್ತದೆ, ಶ್ರಮವೂ ಇರುತ್ತದೆ. ಆದರೂ ನನ್ನ ಹತ್ತಿರ ಬರುವವರದೆಲ್ಲ ಒಂದೇ ದೂರು: "ಸರ, ದಿನಾ ವಿಡಿಯೋ ಹಾಕತೀನ್ರಿ, ಯಾರೂ ನೋಡವಲ್ರು."

ನಾನು ವಿಜಯಪುರದಲ್ಲಿ ವೆಬ್‌ಸೈಟ್ ಕಟ್ಟಿಕೊಡುವ, ಅವು ಗೂಗಲ್‌ನಲ್ಲಿ ಮೇಲೆ ಕಾಣುವಂತೆ ಮಾಡುವ ಕೆಲಸದವನು. ಇವತ್ತು ಒಂದೇ ಒಂದು ಸಂಗತಿ ಹೇಳಲು ಬಂದಿದ್ದೇನೆ. ಯಾವ ಮೈಕ್ ಕೊಳ್ಳಬೇಕು, ವಿಡಿಯೋ ತೆರೆಯುವ ಮೊದಲು ಕಾಣುವ ಚಿತ್ರ, ಅಂದರೆ ಥಂಬ್‌ನೇಲ್, ಯಾವ ಬಣ್ಣದ್ದಿರಬೇಕು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ಅದು ಅವರಿಗಿರಲಿ. ನಾನು ಹೇಳುವುದು ಇಷ್ಟೇ: ನಿಮ್ಮ ವಿಡಿಯೋ ಯಾರಿಗೆ ಬೇಕೋ ಅವರು ಈಗಾಗಲೇ ಓದುತ್ತಿರುವ ಪುಟದಲ್ಲಿ ನಿಮ್ಮ ಲಿಂಕ್ ಇರಬೇಕು. ಬೇರೊಬ್ಬರ ವೆಬ್‌ಸೈಟಿನಿಂದ ನಿಮ್ಮ ಕಡೆಗೆ ಬರುವ ಇಂಥ ಲಿಂಕಿಗೆ ನಮ್ಮ ಕಸುಬಿನಲ್ಲಿ ಬ್ಯಾಕ್‌ಲಿಂಕ್ ಅನ್ನುತ್ತೇವೆ.

ಇದಕ್ಕೆ ಯಾಕಿಷ್ಟು ಬೆಲೆ? ಗೂಗಲ್ ಹುಟ್ಟಿದ್ದೇ ಈ ಲೆಕ್ಕದ ಮೇಲೆ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಎಂಬ ಇಬ್ಬರು ಹುಡುಗರು ಪೇಜ್‌ರ‍್ಯಾಂಕ್ ಎಂಬ ವಿಧಾನವನ್ನು ಬರೆದು ಮುಂದಿಟ್ಟರು. ಒಂದು ಪುಟ ತನ್ನ ಬಗ್ಗೆ ತಾನು ಏನು ಹೇಳಿಕೊಳ್ಳುತ್ತದೆ ಎಂಬುದಷ್ಟೇ ಸಾಲದು, ಬೇರೆ ಪುಟಗಳು ಅದರ ಕಡೆಗೆ ಎಷ್ಟು ಲಿಂಕ್ ಕೊಟ್ಟಿವೆ, ಕೊಟ್ಟವರ ತೂಕ ಎಷ್ಟು ಎಂದು ನೋಡಬೇಕು ಎಂಬುದು ಅವರ ವಿಚಾರ. ಯೂಟ್ಯೂಬ್ ಕೂಡ 2006ರಿಂದ ಗೂಗಲ್ ಕೈಯಲ್ಲೇ ಇದೆ. ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ನಡುವೆ ವಿಡಿಯೋಗಳು ಬರುವುದನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ನಿಮ್ಮದು ಬರಬೇಕಾದರೆ ನಿಮ್ಮನ್ನು ಬಲ್ಲವರು ನಾಲ್ಕು ಕಡೆ ಇರಬೇಕು.

ಇದು ನಮಗೇನೂ ಹೊಸದಲ್ಲ. ಮೊಣಕಾಲು ನೋವಿಗೆ ಯಾವ ಡಾಕ್ಟರ ಕಡೆ ಹೋಗಲಿ ಎಂದು ಕೇಳಿದರೆ ಕಟ್ಟೆಯ ಮೇಲೆ ಕೂತ ಹತ್ತು ಮಂದಿ ಹತ್ತು ಹೆಸರು ಹೇಳುತ್ತಾರೆ. ಆದರೆ ಅದೇ ನೋವು ಉಂಡು, ಗುಣವಾಗಿ, ಈಗ ಎದ್ದು ಓಡಾಡುವವರು ಒಂದು ಹೆಸರು ಹೇಳಿದರೆ ನೀವು ಆ ದವಾಖಾನೆಗೇ ಹೋಗುತ್ತೀರಿ. ಲಿಂಕ್ ಸಾವಿರ ಬೇಕಿಲ್ಲ. ಸರಿಯಾದ ಜಾಗದಲ್ಲಿ ಒಂದಿದ್ದರೆ ಸಾಕು.

ತಿಕೋಟಾ ಕಡೆಯ ಒಬ್ಬ ಹೆಣ್ಣುಮಗಳ ಸುದ್ದಿ ಹೇಳುತ್ತೇನೆ. ನನಗೆ ಬಹಳ ಪ್ರೀತಿಯ ಸುದ್ದಿ, ಸ್ವಲ್ಪ ಉದ್ದವಾದರೂ ಕೇಳಿ. ಅವರದು ದ್ರಾಕ್ಷಿ ತೋಟದ ಮನೆ. ಬಿ.ಎಸ್ಸಿ. ಓದಿ ಸೊಸೆಯಾಗಿ ಬಂದವರು. ಒಣದ್ರಾಕ್ಷಿ ಮಾಡುವ ಕೆಲಸವನ್ನೆಲ್ಲ ಮೊಬೈಲ್‌ನಲ್ಲಿ ಹಿಡಿದು ಚಾನೆಲ್‌ಗೆ ಹಾಕುತ್ತಿದ್ದರು. ಗೊನೆ ಕೊಯ್ಯುವುದು, ಶೆಡ್ಡಿನ ಜಾಳಿಗೆಯ ಮೇಲೆ ಹರಡುವುದು, ಒಣಗಿದ ಮೇಲೆ ತೊಟ್ಟು ಬಿಡಿಸುವುದು, ಎಲ್ಲ. ನೋಡುತ್ತಿದ್ದವರು ತವರುಮನೆಯವರು ಮತ್ತು ನೆರೆಮನೆಯವರು ಅಷ್ಟೇ.

ನಾನು ಅವರ ವಿಡಿಯೋಗಳನ್ನು ಒಂದೊಂದಾಗಿ ನೋಡಿದೆ. ಒಂದರಲ್ಲಿ ಅವರು ದ್ರಾವಣ ಕಲಸುವುದನ್ನು ತೋರಿಸಿದ್ದರು. ಒಣದ್ರಾಕ್ಷಿ ಮಾಡುವವರಿಗೆ ಇದು ಗೊತ್ತು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಸಿ ದ್ರಾಕ್ಷಿಯ ಮೇಲೆ ತೆಳುವಾದ ಮೇಣದ ಪದರ ಇರುತ್ತದೆ, ಅದು ಒಳಗಿನ ನೀರನ್ನು ಬೇಗ ಹೊರಗೆ ಬಿಡುವುದಿಲ್ಲ. ಅದಕ್ಕೇ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಲೀಟರ್ ನೀರಿಗೆ ಕಾರ್ಬೊನೇಟ್ 25 ಗ್ರಾಂ, ಆಯಿಲ್ 15 ಎಂ.ಎಲ್. ಅಳತೆ ತಪ್ಪಿದರೆ ಒಣಗುವುದು ತಡವಾಗುತ್ತದೆ, ಬಣ್ಣ ಕಪ್ಪಾಗುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ನಾಲ್ಕು ಕಿಲೋ ಹಸಿ ಹಣ್ಣು ಒಣಗಿದರೆ ಸಿಗುವುದು ಒಂದು ಕಿಲೋ ಒಣದ್ರಾಕ್ಷಿ. ಅಷ್ಟು ಮಾಲು ಒಂದು ಡ್ರಮ್ಮಿನ ಅಳತೆಯ ಮೇಲೆ ನಿಂತಿರುತ್ತದೆ.

ಆ ವಿಡಿಯೋದಲ್ಲಿ ಈಕೆ ಕೈಗವಸು ಹಾಕಿಕೊಂಡು ನೂರು ಲೀಟರ್ ಡ್ರಮ್ಮಿಗೆ ಎರಡೂವರೆ ಕಿಲೋ ಕಾರ್ಬೊನೇಟ್ ತೂಗಿ ಹಾಕಿ, ಕೋಲಿನಿಂದ ಪೂರ್ತಿ ಕರಗಿಸಿ, ಆಮೇಲೆ ಒಂದೂವರೆ ಲೀಟರ್ ಆಯಿಲ್ಲನ್ನು ಸಣ್ಣ ಧಾರೆಯಾಗಿ ಬಿಡುತ್ತ ತಿರುವುತ್ತಾರೆ. ನೀರು ನೋಡನೋಡುತ್ತ ಬೆಳ್ಳಗಾಗುತ್ತದೆ. "ಮ್ಯಾಲೆ ಎಣ್ಣಿ ತೇಲಿದ್ರ ಕಲಸೂದು ಸಾಲಿಲ್ಲ ಅಂತ ತಿಳೀರಿ" ಅನ್ನುತ್ತಾರೆ. ಎಂಥ ಮಾತು ನೋಡಿ. ಇಷ್ಟು ಸ್ವಚ್ಛವಾಗಿ ಹೇಳಿಕೊಡುವ ವಿಡಿಯೋ ಊರ ನೆಂಟರಷ್ಟೇ ನೋಡುವಂತೆ ಬಿದ್ದಿತ್ತು.

ನಾನು ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ: ಈ ಅಳತೆ ಬೇಕಾದವರು ಈ ಹೊತ್ತು ಎಲ್ಲಿದ್ದಾರೆ? ಯೂಟ್ಯೂಬ್‌ನಲ್ಲಿ ಹಾಡು ನೋಡುತ್ತ ಕೂತಿಲ್ಲ. ಡಿಪ್ಪಿಂಗ್ ಆಯಿಲ್ ಕೊಳ್ಳುತ್ತಿದ್ದಾರೆ. ಎಲ್ಲಿ ಕೊಳ್ಳುತ್ತಾರೋ ಅಲ್ಲಿಗೆ ಹೋಗಬೇಕು. ಅವರು ಆಯಿಲ್ ತರುವ ಅಂಗಡಿಗೆ ಒಂದು ವೆಬ್‌ಸೈಟ್ ಇತ್ತು. ಡಬ್ಬಿಯ ಫೋಟೊ, ದರ, ಫೋನ್ ನಂಬರ್, ಮುಗಿಯಿತು. ಈಕೆ ಅಂಗಡಿಯವರಿಗೆ ಫೋನ್ ಹಚ್ಚಿದರು.

"ಅಣ್ಣಾರ, ಸೀಜನ್‌ದಾಗ ಅಳತಿ ಕೇಳಾಕ ದಿನಕ್ಕ ಎಷ್ಟ ಫೋನ್ ಬರ್ತಾವ್ರಿ ನಿಮಗ?"

"ಅಯ್ಯ, ಅದನ್ನೇನ ಕೇಳ್ತೀ ತಂಗಿ. ಉಣ್ಣಾಕ ಕುಂತ್ರೂ ಬಿಡಂಗಿಲ್ಲ."

"ಹಂಗಾದ್ರ ಆ ಡಬ್ಬಿ ಫೋಟೊದ ಕೆಳಗ ನನ್ನ ವಿಡಿಯೋ ಹಾಕ್ರಿ. ಅವರ ನೋಡಿ ತಿಳಕೋತಾರ."

ಅಂಗಡಿಯವರು ಅವತ್ತೇ ಹಾಕಿಸಿದರು. ಗಮನಿಸಿ, ಈಕೆ "ನನ್ನ ಚಾನೆಲ್‌ಗೆ ಸಹಾಯ ಮಾಡಿ" ಎಂದು ಕೇಳಲಿಲ್ಲ. ಅವರ ತಲೆನೋವು ಕಳೆಯುವ ದಾರಿ ತೋರಿಸಿದರು. ಆಮೇಲೆ ಶೆಡ್ಡಿನ ಜಾಳಿಗೆ ಮಾರುವವರ ಪುಟದಲ್ಲಿ ಹರಡುವ ವಿಡಿಯೋ ಹೋಯಿತು, ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನವರ ಪುಟದಲ್ಲಿ ತೇವ ನೋಡುವ ವಿಡಿಯೋ ಹೋಯಿತು. ಅಥಣಿಯಿಂದ, ಜಮಖಂಡಿಯಿಂದ, ಗಡಿಯಾಚೆ ಜತ್ತ ತಾಲೂಕಿನ ಕನ್ನಡದವರಿಂದ ಪ್ರಶ್ನೆಗಳು ಬರತೊಡಗಿದವು. ಬಂದವರು ಅರ್ಧಕ್ಕೆ ಬಿಟ್ಟು ಹೋಗುವವರಲ್ಲ. ಡ್ರಮ್ಮಿನ ಪಕ್ಕ ನಿಂತು, ನಿಲ್ಲಿಸಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡುವವರು. ಜನ ಕೊನೆಯವರೆಗೆ ನೋಡುವ ವಿಡಿಯೋವನ್ನು ಯೂಟ್ಯೂಬ್ ತಾನೇ ಮತ್ತಷ್ಟು ಜನಕ್ಕೆ ತೋರಿಸುತ್ತದೆ. ಮುಂದಿನ ಸೀಜನ್‌ಗೆ ಗೂಗಲ್‌ನಲ್ಲಿ ಒಣದ್ರಾಕ್ಷಿ ದ್ರಾವಣದ ಅಳತೆ ಎಂದು ಕನ್ನಡದಲ್ಲಿ ಬರೆದರೆ ಮೊದಲು ಬರುತ್ತಿದ್ದದ್ದು ಆಕೆಯ ಮುಖ.

ಇದನ್ನು ಕೇಳಿದ ಮೇಲೂ ಕೆಲವರು ನನ್ನನ್ನು ಕೇಳುವುದು ಏನು ಗೊತ್ತೇ? "ಸರ, ಸಾವಿರ ಬ್ಯಾಕ್‌ಲಿಂಕ್ ಇಷ್ಟು ರೂಪಾಯಿಗೆ ಕೊಡ್ತಾರಂತ, ತಗೊಳ್ಳೇನ್ರಿ?" ಬೇಡ. ದಯವಿಟ್ಟು ಬೇಡ. ಹಾಗೆ ಕೊಂಡ ಲಿಂಕುಗಳನ್ನು ಬಿಚ್ಚಿ ನೋಡಿದ್ದೇನೆ. ಯಾವುದೋ ದೇಶದ ಜೂಜಿನ ಪುಟ, ಯಾರೂ ಓದದ ಪುಟ, ಭಾಷೆಯೇ ಅರ್ಥವಾಗದ ಪುಟ. ಅಲ್ಲಿ ನಿಮ್ಮ ಜೋಳದ ರೊಟ್ಟಿಯ ವಿಡಿಯೋ ಒತ್ತುವವರು ಯಾರು? ಗೂಗಲ್‌ಗೂ ಇದು ತಿಳಿಯುತ್ತದೆ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದು ಇಂಥ ಕೊಂಡ ಲಿಂಕುಗಳ ಮೇಲೆ ನಿಂತಿದ್ದ ಪುಟಗಳನ್ನು ಕೆಳಗೆ ತಳ್ಳಿತು. ದುಡ್ಡು ಕೊಟ್ಟು ತಂದ ವ್ಯೂ, ನೀನು ನನಗೆ ಸಬ್‌ಸ್ಕ್ರೈಬ್ ಮಾಡು ನಾನು ನಿನಗೆ ಮಾಡುತ್ತೇನೆ ಎಂಬ ಲೆಕ್ಕ, ಇವೆಲ್ಲ ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ಚಾನೆಲ್ಲೇ ಹೋಗಬಹುದು.

ಇನ್ನೊಂದು ಚಟ, ದೊಡ್ಡ ಚಾನೆಲ್‌ಗಳ ವಿಡಿಯೋ ಕೆಳಗೆ ಕಾಮೆಂಟಿನಲ್ಲಿ ತಮ್ಮ ಲಿಂಕ್ ಅಂಟಿಸುವುದು. ಅದನ್ನು ಗೂಗಲ್ ಶಿಫಾರಸು ಎಂದು ಎಣಿಸುವುದಿಲ್ಲ. ಇಂಥ ಕಡೆ ಹಾಕುವ ಲಿಂಕಿಗಾಗಿಯೇ 2005ರಲ್ಲಿ ನೋಫಾಲೋ, ಅಂದರೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡ, ಎಂಬ ಗುರುತು ಬಂದಿದೆ. ಓದುವವರಿಗೂ ಸಿಟ್ಟು. ಬಿಡಿ ಅದನ್ನು. ನಿಮ್ಮ ವಿಡಿಯೋ ಬೇಕಾದವರು ಓದುವ ಪುಟ ಯಾವುದು, ಅದನ್ನು ಹುಡುಕಿ.

ಹುಡುಕುವುದು ಹೇಗೆ? ನಮ್ಮ ಗೋಳಗುಮ್ಮಟವನ್ನೇ ತಗೊಳ್ಳಿ. ಎಲ್ಲರೂ ಮೇಲೆ ಹತ್ತಿ ಪಿಸುಮಾತು ಆಡಿ ಅದನ್ನೇ ವಿಡಿಯೋ ಮಾಡುತ್ತಾರೆ. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಬರುವವರಿಗೆ ಬೇಕಾದದ್ದು ಬೇರೆ. ಮೂಲೆಯ ಗೋಪುರದಲ್ಲಿ ಏಳು ಅಂತಸ್ತಿನ ಕಡಿದಾದ ಮೆಟ್ಟಿಲಿವೆ, ಅವು ಎಷ್ಟು ಇಕ್ಕಟ್ಟು, ಹತ್ತಲಾರದವರು ಕೆಳಗೇ ಕೂತು ಏನೇನು ನೋಡಬಹುದು, ಗಾಡಿ ಎಲ್ಲಿ ನಿಲ್ಲಿಸಬೇಕು. ಇದನ್ನು ಐದು ನಿಮಿಷದಲ್ಲಿ ತೋರಿಸಿ. ಆಮೇಲೆ ಊರಿನ ಲಾಡ್ಜು, ಟ್ಯಾಕ್ಸಿಯವರ ವೆಬ್‌ಸೈಟ್ ನೋಡಿ. ಅವರ ಗಿರಾಕಿ ಕೇಳುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದೆ. ಇಳಕಲ್ ಸೀರೆ ನೇಯುವವರು, ಗುಳೇದಗುಡ್ಡದ ಖಣ ಮಾರುವವರು ಕೂಡ ಹೀಗೇ ಯೋಚಿಸಬಹುದು.

ಕೇಳುವ ಪತ್ರ ನಾಲ್ಕು ಸಾಲಿರಲಿ. ನಿಮ್ಮ ಇಂಥ ಪುಟ ಓದಿದೆ, ಇಂಥ ಮಾಹಿತಿ ಅದರಲ್ಲಿಲ್ಲ, ನನ್ನ ವಿಡಿಯೋದ ಇಷ್ಟನೇ ನಿಮಿಷದಲ್ಲಿ ಅದಿದೆ, ಓದುವವರಿಗೆ ಉಪಯೋಗ ಅನ್ನಿಸಿದರೆ ಹಾಕಿಕೊಳ್ಳಿ. ಚಾನೆಲ್ಲಿನ ಲಿಂಕ್ ಕಳಿಸಬೇಡಿ, ಆ ಒಂದು ವಿಡಿಯೋದ್ದು ಕಳಿಸಿ. ಕಂಪ್ಯೂಟರಿನಲ್ಲಿ ಶೇರ್ ಒತ್ತಿದಾಗ ಕೆಳಗೆ ಒಂದು ಚೌಕ ಬರುತ್ತದೆ, ಅದರಲ್ಲಿ ಗುರುತು ಹಾಕಿದರೆ ಲಿಂಕ್ ನೇರ ಆ ನಿಮಿಷಕ್ಕೇ ತೆರೆಯುತ್ತದೆ. ಅಲ್ಲೇ ಎಂಬೆಡ್ ಎಂದೂ ಇದೆ. ಅದರ ಕೋಡ್ ಕಳಿಸಿದರೆ ಅವರ ಪುಟದಲ್ಲೇ ನಿಮ್ಮ ವಿಡಿಯೋ ಓಡುತ್ತದೆ, ಜನ ಒತ್ತಿ ನೋಡಿದ್ದು ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಶಾರ್ಟ್ಸ್ ಎಂಬ ಚಿಕ್ಕ ವಿಡಿಯೋಗಳ ಡಿಸ್ಕ್ರಿಪ್ಷನ್ನಿನಲ್ಲಿ, ಅಂದರೆ ವಿಡಿಯೋ ಜೊತೆ ಬರೆಯುವ ವಿವರಣೆಯಲ್ಲಿ, ಹಾಕಿದ ಲಿಂಕ್ 2023ರಿಂದ ಒತ್ತಿದರೆ ತೆರೆಯುವುದಿಲ್ಲ, ಅಲ್ಲಿ ಕಷ್ಟಪಡಬೇಡಿ. ವಿಡಿಯೋದಲ್ಲಿ ಹೇಳಿದ ಅಳತೆ, ಹೆಸರು, ಕ್ರಮವನ್ನು ಡಿಸ್ಕ್ರಿಪ್ಷನ್ನಿನಲ್ಲಿ ಕನ್ನಡದಲ್ಲೇ ಬರೆಯಿರಿ, ಹುಡುಕುವವರು ಕನ್ನಡದಲ್ಲೇ ಹುಡುಕುತ್ತಾರೆ. ವಿಕಿಪೀಡಿಯಾದಲ್ಲಿ ನಿಮ್ಮ ಚಾನೆಲ್ ತುರುಕಬೇಡಿ, ತೆಗೆದುಹಾಕುತ್ತಾರೆ.

ಕೊನೆಗೆ ಒಂದು ಕೆಲಸ. ಯೂಟ್ಯೂಬ್ ಸ್ಟುಡಿಯೋ ತೆರೆದು ಅನಾಲಿಟಿಕ್ಸ್‌ಗೆ ಹೋಗಿ. ನೋಡುವವರು ಎಲ್ಲಿಂದ ಬಂದರು ಎಂಬ ಪಟ್ಟಿಯಲ್ಲಿ ಎಕ್ಸ್‌ಟರ್ನಲ್ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಯಾವ ವೆಬ್‌ಸೈಟಿನಿಂದ, ಯಾವ ಆ್ಯಪ್‌ನಿಂದ ಜನ ಬಂದಿದ್ದಾರೆ ಎಂದು ಹೆಸರು ಸಮೇತ ಕಾಣುತ್ತದೆ. ಬರೀ ವಾಟ್ಸ್‌ಆ್ಯಪ್ ಇದ್ದರೆ ನಿಮ್ಮನ್ನು ನೋಡುತ್ತಿರುವವರು ನಿಮ್ಮ ಪರಿಚಯದವರೇ. ಗುರುತಿಲ್ಲದ ಒಂದು ವೆಬ್‌ಸೈಟಿನ ಹೆಸರು ಕಂಡರೆ ಅದರ ಮಾಲೀಕರು ಯಾರು ಎಂದು ಹುಡುಕಿ, ಫೋನ್ ಮಾಡಿ ಧನ್ಯವಾದ ಹೇಳಿ, ಅವರ ಗಿರಾಕಿಗಳು ಇನ್ನೇನು ಕೇಳುತ್ತಾರೆ ಎಂದು ವಿಚಾರಿಸಿ. ನಿಮ್ಮ ಮುಂದಿನ ವಿಡಿಯೋ ಅದರದ್ದೇ ಆಗಲಿ.

ನಮಸ್ಕಾರ.