ಗಾಳಿ ಇಳಿದಾಗ ಲಾರಿ ಏಕೆ ನಿಲ್ಲುತ್ತದೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಮಂಡಿಯಲ್ಲಿ ಮೆಕ್ಕೆಜೋಳ ತುಂಬಿದ ಲಾರಿ ಬೆಳಗಿನ ಜಾವ ಹೊರಡಬೇಕಿರುತ್ತದೆ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷವಾದರೂ ಹಿಂದಿನ ಚಕ್ರಗಳು ಬಿಡುವುದಿಲ್ಲ. ‘ಬ್ರೇಕ್ ಜಾಮ್ ಆಗಿದೆ’ ಎನ್ನುತ್ತಾರೆ ಡ್ರೈವರ್. ಲೋಡಿನ ಮಾಲೀಕರು ಅವಸರಪಡಿಸುತ್ತಾರೆ, ಯಾರೋ ಒಬ್ಬರು ಸ್ಪ್ಯಾನರ್ ಹಿಡಿದು ಲಾರಿಯ ಕೆಳಗೆ ನುಸುಳುತ್ತಾರೆ. ಪಿ.ಬಿ. ರಸ್ತೆಯ ಗ್ಯಾರೇಜುಗಳಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ ನನಗೆ ಹೆಚ್ಚು ಆತಂಕ ತರುವುದು ಆ ಸ್ಪ್ಯಾನರ್. ಬ್ರೇಕಿನ ಗಾಳಿ ಸಾಲದಿದ್ದಾಗ ಚಕ್ರ ಹಿಡಿದು ನಿಲ್ಲುವಂತೆಯೇ ಆ ಲಾರಿಯನ್ನು ಕಟ್ಟಲಾಗಿದೆ ಎಂಬುದು ತಿಳಿದಿದ್ದರೆ ಅವರು ಮೊದಲು ಕೈಹಾಕುತ್ತಿದ್ದ ಜಾಗವೇ ಬೇರೆಯಾಗಿರುತ್ತಿತ್ತು.

ಈ ಯೋಚನೆ ರೈಲಿನಿಂದ ಬಂದದ್ದು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಮೊದಲ ಏರ್ ಬ್ರೇಕಿನಲ್ಲಿ ಗಾಳಿಯ ಒತ್ತಡವೇ ಬ್ರೇಕ್ ಹಾಕುತ್ತಿತ್ತು. ಕೊಳವೆ ಒಡೆದರೆ ರೈಲಿಗೆ ಬ್ರೇಕೇ ಇರುತ್ತಿರಲಿಲ್ಲ. ಅವರು 1872ರಲ್ಲಿ ಈ ಏರ್ಪಾಡನ್ನು ತಿರುವುಮುರುವು ಮಾಡಿ, ಕೊಳವೆಯ ಒತ್ತಡ ಕುಸಿದ ಕೂಡಲೇ ಬ್ರೇಕ್ ಬೀಳುವಂತೆ ಮಾಡಿದರು. ಇಂದಿನ ಲಾರಿಯಲ್ಲಿ ಎರಡೂ ಬಗೆ ಒಟ್ಟಿಗಿವೆ. ಪೆಡಲ್ ತುಳಿದಾಗ ಗಾಳಿ ಚಕ್ರದ ಬಳಿ ಇರುವ ಬೂಸ್ಟರ್ ಎಂಬ ಡಬ್ಬಿಯೊಳಗೆ ನುಗ್ಗಿ, ಅದರ ರಾಡನ್ನು ತಳ್ಳಿ ಬ್ರೇಕ್ ಹಾಕುತ್ತದೆ. ಹ್ಯಾಂಡ್ ಬ್ರೇಕಿನಲ್ಲಾದರೋ ಹಿಂದಿನ ಬೂಸ್ಟರಿನ ದಪ್ಪ ಸ್ಪ್ರಿಂಗ್ ಬ್ರೇಕ್ ಹಾಕುತ್ತದೆ, ಗಾಳಿ ಆ ಸ್ಪ್ರಿಂಗನ್ನು ಒತ್ತಿ ಹಿಡಿದು ಚಕ್ರವನ್ನು ಬಿಡಿಸುತ್ತದೆ. ಆದ್ದರಿಂದ ಜಾಮ್ ಆದ ಲಾರಿಯಲ್ಲಿ ಮೊದಲು ನೋಡಬೇಕಾದದ್ದು ಡ್ಯಾಶ್‌ಬೋರ್ಡಿನ ಏರ್ ಗೇಜನ್ನು.

ಮುಳ್ಳು ಸಾಮಾನ್ಯವಾಗಿ ಏಳೆಂಟು ಬಾರ್‌ವರೆಗೆ ಏರಬೇಕು. ಈ ಒತ್ತಡದ ಬಲ ಎಷ್ಟೆಂದರೆ, 30 ಚದರ ಅಂಗುಲದ ಡಯಾಫ್ರಾಮ್ (ಗಾಳಿ ಒತ್ತುವ ರಬ್ಬರ್ ಪರದೆ) ಇರುವ ಒಂದು ಬೂಸ್ಟರಿಗೆ 7 ಬಾರ್, ಅಂದರೆ ಚದರ ಅಂಗುಲಕ್ಕೆ ಸುಮಾರು 100 ಪೌಂಡ್, ಗಾಳಿ ಹೋದರೆ ಅದರ ರಾಡಿನ ತುದಿಯಲ್ಲಿ ಹೆಚ್ಚುಕಡಿಮೆ 1,360 ಕಿಲೋ ತಳ್ಳುವ ಶಕ್ತಿ ಹುಟ್ಟುತ್ತದೆ. ಮುಳ್ಳು ತೀರ ನಿಧಾನವಾಗಿ ಏರುತ್ತಿದ್ದರೆ, ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರಿನ ರಿಂಗ್ ಸವೆದಿರಬಹುದು, ಗಾಳಿ ಎಳೆಯುವ ಫಿಲ್ಟರ್ ಕಟ್ಟಿರಬಹುದು ಅಥವಾ ಕಂಪ್ರೆಸರಿನಿಂದ ಹೊರಡುವ ಪೈಪಿನಲ್ಲಿ ಕರಿ ಗಟ್ಟಿಯಾಗಿ ಕೂತಿರಬಹುದು. ಬೇಗ ಏರಿ, ಎಂಜಿನ್ ನಿಲ್ಲಿಸಿದೊಡನೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ.

ಸೋರಿಕೆಯನ್ನು ಹುಡುಕಲು ದುಬಾರಿ ಉಪಕರಣ ಬೇಡ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಕಿವಿಗೊಡಿ. ಆಗಲೇ ‘ಸುಯ್’ ಎಂಬ ಸದ್ದು ಬಂದರೆ ಗಾಳಿಯ ಟ್ಯಾಂಕು, ಪೈಪು, ವಾಲ್ವು ಅಥವಾ ಬೂಸ್ಟರಿನ ಸ್ಪ್ರಿಂಗ್ ಭಾಗದಲ್ಲಿ ದೋಷವಿದೆ. ಸದ್ದಿಲ್ಲದಿದ್ದರೆ ಕ್ಲೀನರ್ ಪೆಡಲನ್ನು ಗಟ್ಟಿಯಾಗಿ ತುಳಿದು ಹಿಡಿಯಲಿ. ತುಳಿದಾಗ ಮಾತ್ರ ಸದ್ದು ಬರುವುದಾದರೆ ಪೆಡಲಿನ ವಾಲ್ವಿನಿಂದ ಚಕ್ರದ ಕಡೆಗಿರುವ ಹೋಸ್ ಅಥವಾ ಡಯಾಫ್ರಾಮ್ ಹರಿದಿದೆ ಎಂದು ತಿಳಿಯಬೇಕು. ತುಳಿದ ಕೂಡಲೇ ಮುಳ್ಳು ಒಮ್ಮೆ ಇಳಿಯುವುದು ಸಹಜ. ಅದು ನಿಂತ ಮೇಲೆ ಒಂದು ನಿಮಿಷದಲ್ಲಿ 0.2 ಬಾರ್‌ಗಿಂತ ಹೆಚ್ಚು ಇಳಿಯುತ್ತಿದ್ದರೆ ಹೊರಡಬೇಡಿ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಯೇ ಜಾಗ ತೋರಿಸುತ್ತದೆ.

ಇನ್ನು ನೀರಿನ ವಿಷಯ. ಹೊರಗಿನ ಗಾಳಿಯಲ್ಲಿರುವ ತೇವ ಟ್ಯಾಂಕಿನಲ್ಲಿ ತಣಿದು ನೀರಾಗಿ ಕೂರುತ್ತದೆ, ಗಾಳಿಗೆ ಇರಬೇಕಾದ ಜಾಗವನ್ನು ಕಬಳಿಸುತ್ತದೆ, ವಾಲ್ವುಗಳನ್ನು ತುಕ್ಕು ಹಿಡಿಸುತ್ತದೆ. ದಿನವೂ ಟ್ಯಾಂಕಿನ ಅಡಿಯ ಡ್ರೈನ್ ಎಳೆಯಿರಿ. ಗಾಳಿಯ ತೇವ ಹೀರುವ ಏರ್ ಡ್ರೈಯರ್ ಇದ್ದೂ ನೀರು ಬರುತ್ತಿದ್ದರೆ ಅದರ ಡಬ್ಬಿಯನ್ನು ಬದಲಿಸುವ ಕಾಲ ಬಂದಿದೆ; ನೀರಿನ ಜೊತೆ ಆಯಿಲ್ ಬಂದರೆ ಕಂಪ್ರೆಸರನ್ನೇ ಬಿಚ್ಚಿ ನೋಡಬೇಕು.

ಸೋರಿಕೆಗಿಂತಲೂ ನಾನು ಹೆಚ್ಚು ಹೆದರುವುದು ಗೇಜ್ ಸರಿಯಾಗಿಯೇ ತೋರಿಸುತ್ತಿದ್ದರೂ ಅರ್ಧ ಮಾತ್ರ ಹಿಡಿಯುವ ಬ್ರೇಕಿಗೆ. ನಮ್ಮ ಚಿತ್ರದುರ್ಗ, ಹಿರಿಯೂರು ಕಡೆಯ ಹೆದ್ದಾರಿಯಲ್ಲಿ ಇದರ ಗುಟ್ಟು ಬಯಲಾಗುವುದಿಲ್ಲ. ಮಂಗಳೂರಿನ ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಬಯಲಾಗುತ್ತದೆ. ಚಕ್ರದ ಡ್ರಮ್ಮಿಗೆ ಒತ್ತಿ ಹಿಡಿಯುವ ಲೈನರ್ ಸವೆದಂತೆಲ್ಲ ಬೂಸ್ಟರಿನ ರಾಡು ಹೆಚ್ಚು ದೂರ ಚಲಿಸಬೇಕಾಗುತ್ತದೆ. ಈ ಸಡಿಲನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರನ್ನು ಬಿಗಿ ಮಾಡದೆ ಬಿಟ್ಟರೆ ರಾಡು ತನ್ನ ಓಟದ ಕೊನೆಗೆ ಬಂದಿರುತ್ತದೆ, ಅಲ್ಲಿ ಅದರ ಬಲ ಕುಗ್ಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇದ್ದರೆ ಡ್ರಮ್ ಕಾದು ಹಿಗ್ಗಿ ಲೈನರಿನಿಂದ ಇನ್ನಷ್ಟು ದೂರ ಸರಿಯುತ್ತದೆ, ಕಾದ ಲೈನರ್ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಆಗ ಟ್ಯಾಂಕಿನಲ್ಲಿ 8 ಬಾರ್ ಗಾಳಿಯಿದ್ದರೂ ಲಾರಿ ನಿಲ್ಲದು. ಘಾಟಿ ಶುರುವಾಗುವ ಮೊದಲೇ ಕೆಳ ಗೇರಿಗೆ ಬಂದು, ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಗ್ಸಾಸ್ಟ್ ಬ್ರೇಕ್ ಬಳಸಿ, ಕಾಲಿನ ಬ್ರೇಕನ್ನು ತಣಿಯಲು ಬಿಟ್ಟು ಬಿಟ್ಟು ಒತ್ತಬೇಕು. ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಇರುವ ಲಾರಿಯಲ್ಲಿ ಅದನ್ನು ಮತ್ತೆ ಮತ್ತೆ ಕೈಯಿಂದ ಬಿಗಿ ಮಾಡುವ ಪ್ರಮೇಯ ಬಂದರೆ, ಅಡ್ಜಸ್ಟರೋ ಲೈನರನ್ನು ಡ್ರಮ್ಮಿಗೆ ಒತ್ತುವ ಕ್ಯಾಮ್ ಶಾಫ್ಟೋ ಕೆಟ್ಟಿದೆ ಎಂದರ್ಥ.

ಆ ಸ್ಪ್ಯಾನರಿನ ಮಾತಿಗೆ ಮರಳುತ್ತೇನೆ. ಬೂಸ್ಟರಿನ ಹಿಂದಿನ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಮಡಚಿ ಹಿಡಿದರೆ ಗಾಳಿಯಿಲ್ಲದೆಯೂ ಚಕ್ರ ಬಿಡುತ್ತದೆ. ಕೆಟ್ಟ ಲಾರಿಯನ್ನು ಎಳೆದೊಯ್ಯಲೆಂದು ಕೊಟ್ಟ ಅನುಕೂಲ ಅದು. ಹಾಗೆ ಬಿಡಿಸಿದ ಲಾರಿಯನ್ನು ಲೋಡ್ ಸಮೇತ ಓಡಿಸುವವರ ಲಾರಿಯಲ್ಲಿ ಹ್ಯಾಂಡ್ ಬ್ರೇಕೂ ಇರುವುದಿಲ್ಲ, ಗಾಳಿ ಹೋದರೆ ತಡೆಯುವ ಸ್ಪ್ರಿಂಗೂ ಇರುವುದಿಲ್ಲ. ಇನ್ನು ಬೂಸ್ಟರಿನ ನಡುವಿನ ಕ್ಲ್ಯಾಂಪನ್ನು ರಸ್ತೆಬದಿಯಲ್ಲಿ ಯಾರೂ ಬಿಚ್ಚಕೂಡದು. ಒಳಗಿನ ಸ್ಪ್ರಿಂಗ್ ನೂರಾರು ಕಿಲೋ ಬಲದಲ್ಲಿ ಅದುಮಿಕೊಂಡಿರುತ್ತದೆ, ಕ್ಲ್ಯಾಂಪ್ ಕಳಚಿದರೆ ಮುಚ್ಚಳ ಸಿಡಿದು ಎದುರಿಗಿದ್ದವರ ಜೀವ ತೆಗೆಯಬಲ್ಲದು. ಸ್ಪ್ರಿಂಗ್ ಭಾಗ ಸೋರುತ್ತಿದ್ದರೆ, ಬೋಲ್ಟಿನಿಂದ ಅದನ್ನು ಭದ್ರವಾಗಿ ಮಡಚಿ ಹಿಡಿದ ಮೇಲೆ, ಪೂರ್ತಿ ಬೂಸ್ಟರನ್ನೇ ಬದಲಿಸಿ.