ಬಿಸಿಲಿಗೆ ಹೊತ್ಕೊಂಡು ಹೋಗೋ ಲ್ಯಾಪ್‌ಟಾಪ್

ನಮಸ್ಕಾರ ಕೇಳುಗರೇ. ಜಮೀನು ಸರ್ವೆ ಮಾಡೋರು, ನೀರು ಮಣ್ಣಿನ ಸ್ಯಾಂಪಲ್ ತೆಗಿಯೋರು, ಹಕ್ಕಿ ಲೆಕ್ಕ ಹಾಕ್ತಾ ಕಾಡು ಸುತ್ತೋರು, ಸೈಟಲ್ಲಿ ನಿಂತು ಡ್ರೋನ್ ಹಾರಿಸೋರು, ನಿಮಗೆ ಹಗುರ ಇರೋ, ಜೇಬಿಗೂ ಭಾರ ಆಗದ ಲ್ಯಾಪ್‌ಟಾಪ್ ಬೇಕು ಅಂದ್ರೆ ಎಲ್ರೂ ಪ್ರೊಸೆಸರಿಂದಾನೇ ಮಾತು ಶುರು ಮಾಡ್ತಾರೆ. ನಾನ್ ಕೇಳೋದಾದ್ರೆ ಮೊದ್ಲು ಸ್ಕ್ರೀನ್ ಕೇಳ್ತೀನಿ.

ಯಾಕಂದ್ರೆ ಬಿಸಿಲಲ್ಲಿ ಕಾಣ್ಸದೇ ಇರೋ ಮೆಷೀನ್ ಎಷ್ಟು ಫಾಸ್ಟ್ ಇದ್ರೇನು ಬಂತು? ಸ್ಕ್ರೀನ್ ಬೆಳಕನ್ನ ನಿಟ್ಸ್ ಅಂತ ಅಳೀತಾರೆ, ಕಡಿಮೆ ರೇಟಿಂದ್ರಲ್ಲಿ ಸಾಮಾನ್ಯವಾಗಿ 250 ಇರತ್ತೆ, ರೂಮಲ್ಲಿ ಸಾಕು, ಮರದ ನೆರಳಲ್ಲಿ ಕೂತು ಮ್ಯಾಪ್ ನೋಡ್ಬೇಕು ಅಂದ್ರೆ 400 ಆದ್ರೂ ಬೇಕು, ನೆತ್ತಿ ಮೇಲೆ ಸೂರ್ಯ ಇದ್ರೆ ಅದೂ ಸಾಲಲ್ಲ. ಜೊತೆಗೆ ಹೊಳಪಿಲ್ಲದ ಮ್ಯಾಟ್ ಸ್ಕ್ರೀನೇ ಇರ್ಲಿ, ಕನ್ನಡಿ ಥರ ಹೊಳೆಯೋ ಗ್ಲಾಸಿ ಆದ್ರೆ ಡೇಟಾ ಬದ್ಲು ನಿಮ್ ಮುಖಾನೇ ನೋಡ್ಕೊಂಡು ಕೂರ್ಬೇಕು.

ಬ್ಯಾಟರಿ ವಿಷ್ಯಕ್ಕೆ ಬಂದ್ರೆ, ಹದಿನೈದು ಗಂಟೆ ಬರತ್ತೆ ಅನ್ನೋ ಜಾಹೀರಾತು ಬಿಟ್ಟಾಕಿ, ವಾಟ್-ಅವರ್ ಎಷ್ಟು ನೋಡಿ, ಅಂದ್ರೆ ಬ್ಯಾಟರಿಲಿ ಒಟ್ಟು ಎಷ್ಟು ವಿದ್ಯುತ್ ಹಿಡಿಯತ್ತೆ ಅನ್ನೋ ಲೆಕ್ಕ. 50 ವಾಟ್-ಅವರ್ ಬ್ಯಾಟರಿ, ಬ್ರೈಟ್‌ನೆಸ್ ಪೂರ್ತಿ ಏರ್ಸಿ ಮೆಷೀನ್ 10 ವಾಟ್ ಎಳೀತು ಅಂದ್ರೆ ಐದು ಗಂಟೆ, ಅಷ್ಟೇ ಲೆಕ್ಕ. ಅದಕ್ಕೇ ಟೈಪ್-ಸಿಲಿ ಚಾರ್ಜ್ ಆಗೋದನ್ನೇ ತಗೊಳ್ಳಿ ಅಂತೀನಿ, ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್, ಜೀಪಲ್ಲೂ ಹಾಕ್ಬೋದು, ಪವರ್ ಬ್ಯಾಂಕಿಂದಾನೂ ಆಗತ್ತೆ. ಆದ್ರೆ ಆ ಪವರ್ ಬ್ಯಾಂಕ್ 45 ವಾಟೋ 65 ವಾಟೋ ಕೊಡೋ ಅಂಥದ್ದು ಆಗಿರ್ಬೇಕು, ಫೋನಿಗೆ ಅಂತ ಮಾಡಿರೋ 18 ವಾಟಿಂದು ನೆಚ್ಕೊಂಡು ಹೋಗ್ಬೇಡಿ. ಪವರ್ ಬ್ಯಾಂಕ್ ಮೇಲೆ ಬರೆದಿರೋ 20,000 ಎಂಎಎಚ್ ಅಂದ್ರೆ ಸುಮಾರು 74 ವಾಟ್-ಅವರ್, ಅದ್ರಲ್ಲೂ ಒಂದಿಷ್ಟು ಶಾಖವಾಗಿ ಹೋಗತ್ತೆ. ವಿಮಾನದಲ್ಲಿ 100 ವಾಟ್-ಅವರ್ ದಾಟಿದ್ರೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ನೆನಪಿರ್ಲಿ.

ಗಟ್ಟಿ ಇರ್ಬೇಕು ಅಂತ ರಗಡ್ ಲ್ಯಾಪ್‌ಟಾಪ್, ಅಂದ್ರೆ ಒರಟು ಬಳಕೆಗೇ ಅಂತ ಮಾಡಿರೋವ್ರ ಕಡೆ ಕಣ್ಣು ಹೋಗತ್ತೆ. ಪ್ಯಾನಸಾನಿಕ್‌ನೋರು 1996ರಿಂದ ಟಫ್‌ಬುಕ್ ಮಾಡ್ತಿದಾರೆ, ಒಳ್ಳೇದೇ, ಆದ್ರೆ ಅಂಥವು ಎರಡು ಕೇಜಿ ದಾಟೋದು ಮಾಮೂಲಿ, ರೇಟಂತೂ ಕೇಳ್ಲೇಬೇಡಿ. ಇನ್ನು ಮಾಮೂಲಿ ಲ್ಯಾಪ್‌ಟಾಪ್ ಮೇಲೆ ಮಿಲ್-ಸ್ಟ್ಯಾಂಡರ್ಡ್ 810 ಅಂತ ಬರೆದಿರ್ತಾರಲ್ಲ, ಅದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನ ಹೌದು, ಆದ್ರೆ ಯಾವ ಟೆಸ್ಟ್ ಮಾಡ್ಸಬೇಕು ಅಂತ ಆರಿಸೋದು ಕಂಪನಿಯೋರೇ. ಮಳೆಲಿ ಇಡ್ಬೋದು ಅಂತ ಅದ್ರಿಂದ ಅರ್ಥ ಮಾಡ್ಕೋಬೇಡಿ. ನೀರು ಧೂಳು ಎಷ್ಟು ತಡೆಯತ್ತೆ ಅಂತ ಹೇಳೋಕೆ ಐಪಿ ನಂಬರ್ ಅಂತ ಬೇರೆ ಇರತ್ತೆ.

ಹಾಗಾದ್ರೆ ಏನ್ ತಗೊಳ್ಳೋದು? ಹೊಸ ಸೋವಿ ಪ್ಲಾಸ್ಟಿಕ್ ಮೆಷೀನಿಗಿಂತ, ಆಫೀಸುಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಬಿಸಿನೆಸ್ ಲ್ಯಾಪ್‌ಟಾಪೇ ವಾಸಿ ಅನ್ನೋನು ನಾನು. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್ ಸೀರೀಸ್, ಡೆಲ್‌ನ ಲ್ಯಾಟಿಟ್ಯೂಡ್ 7000, ಎಚ್‌ಪಿಯ ಎಲೈಟ್‌ಬುಕ್ 800, ಇವುಗಳಲ್ಲಿ ಸಣ್ಣ ಮಾಡೆಲ್‌ಗಳು ಒಂದೂಕಾಲು ಒಂದೂವರೆ ಕೇಜಿ ಆಸುಪಾಸು, ಕೀಬೋರ್ಡ್ ಚೆನ್ನಾಗಿರತ್ತೆ, ಬಿಚ್ಚಿ ಬ್ಯಾಟರಿ ಬದಲಾಯ್ಸೋದು ಹೇಗೆ ಅಂತ ಸರ್ವೀಸ್ ಮ್ಯಾನ್ಯುಯಲ್ ಪುಕ್ಕಟೆ ಸಿಗತ್ತೆ. ಪ್ರೊಸೆಸರ್ ಇಂಟೆಲ್‌ದಾದ್ರೆ 8ನೇ ಜನರೇಷನ್‌ಗಿಂತ ಹಳೇದು ಬೇಡ, ವಿಂಡೋಸ್ 11 ಅವಕ್ಕೆ ಬಹುತೇಕ ಸಪೋರ್ಟ್ ಕೊಡಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರಲ್ಲೇ ಮುಗೀತು. ವಿಂಡೋಸ್ ಬದ್ಲು ಪುಕ್ಕಟೆ ಸಿಗೋ ಲಿನಕ್ಸ್ ಬಳಸ್ತೀರಿ ಅಂದ್ರೆ ಈ ತಲೆನೋವಿಲ್ಲ. ಹಗುರ ಇರೋವ್ರಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ ಎಷ್ಟೋ ಸಲ, ಆಮೇಲೆ ಏರ್ಸಕ್ಕಾಗಲ್ಲ, ಡ್ರೋನ್ ಫೋಟೋ ಜೋಡ್ಸೋ ಕೆಲಸ ಇದ್ರೆ ಮೊದ್ಲೇ 16 ಜಿಬಿ ಇರೋದೇ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳೋವಾಗ ಒಂದ್ಸಲ ಅದನ್ನ ಅಂಗಡಿ ಆಚೆ ಬೆಳಕಿಗೆ ತಂದು ಆನ್ ಮಾಡಿ ನೋಡಿ, ಒಂದೇ ಮಾಡೆಲಲ್ಲೇ 250 ನಿಟ್ಸಿಂದೂ ಬಂದಿರತ್ತೆ 400ರದ್ದೂ ಬಂದಿರತ್ತೆ. ಬಯಾಸಿಗೆ, ಅಂದ್ರೆ ವಿಂಡೋಸಿಗೂ ಮೊದ್ಲು ಶುರುವಾಗೋ ಒಳಗಿನ ಸೆಟ್ಟಿಂಗಿಗೆ, ಹಳೇ ಆಫೀಸಿನ ಪಾಸ್‌ವರ್ಡ್ ಇದ್ರೆ ವಾಪಸ್ ಕೊಟ್ಬಿಡಿ. ವಿಂಡೋಸಲ್ಲಿ ಬ್ಯಾಟರಿ ರಿಪೋರ್ಟ್ ತೆಗ್ಸಿ, ಹೊಸದ್ರಲ್ಲಿ ಎಷ್ಟಿತ್ತು ಈಗ ಎಷ್ಟಿದೆ ಎರಡೂ ಅದ್ರಲ್ಲಿ ಬರತ್ತೆ, ತುಂಬಾ ಇಳಿದಿದ್ರೆ ಹೊಸ ಬ್ಯಾಟರಿ ದುಡ್ಡನ್ನ ರೇಟಲ್ಲಿ ಕಳೀರಿ ಅಂತ ಚೌಕಾಸಿ ಮಾಡಿ.