ಬೇಸ್‌ಮೆಂಟಿನಲ್ಲಿ ಹಾಸಿಗೆ ಹಾಕುವ ಮುಂಚೆ

ಕೇಳುಗರೇ, ನಮಸ್ಕಾರ.

ಅದು 1984ರ ಡಿಸೆಂಬರ್. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮರಿಕ್ ಅಣು ಸ್ಥಾವರ ಇನ್ನೂ ವಿದ್ಯುತ್ ಕೊಡಲು ಶುರು ಮಾಡಿರಲಿಲ್ಲ. ಅಲ್ಲಿನ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ವಿಕಿರಣ ಪತ್ತೆಯ ಯಂತ್ರ ದಾಟಿದರೆ ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಅದೂ ಬೆಳಿಗ್ಗೆ, ಮನೆಯಿಂದ ಆಗಷ್ಟೇ ಬಂದಾಗ! ಕೊನೆಗೆ ಅವರ ಮನೆಯ ಗಾಳಿಯನ್ನು ಪರೀಕ್ಷಿಸಿದರು. ಒಂದು ಲೀಟರ್ ಗಾಳಿಗೆ ಸುಮಾರು 2,700 ಪಿಕೋಕ್ಯೂರಿ (ವಿಕಿರಣ ಅಳೆಯುವ ಮಾನ) ರೇಡಾನ್ ಎಂಬ ವಿಕಿರಣಶೀಲ ಅನಿಲ ಸಿಕ್ಕಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂದು 4 ಪಿಕೋಕ್ಯೂರಿ ಇದ್ದರೇ ಮನೆ ಸರಿಪಡಿಸಿ ಎನ್ನುತ್ತದೆ.

ನೆಲದೊಳಗಿನ ಕಲ್ಲುಮಣ್ಣಿನಲ್ಲಿ ಯುರೇನಿಯಂ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಅದು ಕ್ಷಯಿಸುತ್ತಾ ರೇಡಿಯಂ ಆಗಿ, ಅದರಿಂದ ರೇಡಾನ್ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಚದುರಿಹೋಗುತ್ತದೆ. ಆದರೆ ಚಳಿಗೆ ಬಾಗಿಲು ಕಿಟಕಿ ಮುಚ್ಚಿ ಹೀಟರ್ ಹಾಕಿದಾಗ ಬಿಸಿ ಗಾಳಿ ಮೇಲೇರುತ್ತದೆ, ಮನೆ ಅಡಿಯಿಂದ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕಾಂಕ್ರೀಟಿನ ಬಿರುಕು, ಪೈಪಿನ ಸಂದು, ನೆಲದಡಿಯ ನೀರು ಬಂದು ಸೇರುವ ಸಂಪ್ ಗುಂಡಿ, ಎಲ್ಲಿಂದ ದಾರಿ ಸಿಕ್ಕರೂ ಬರುತ್ತದೆ. ಉಸಿರಿನೊಂದಿಗೆ ಒಳಹೋದ ಅದರ ಕಣಗಳು ಶ್ವಾಸಕೋಶದಲ್ಲಿ ಆಲ್ಫಾ ವಿಕಿರಣ ಬಿಡುತ್ತವೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟಿನ ನಂತರದ ದೊಡ್ಡ ಕಾರಣ ಇದೇ. ವರ್ಷಕ್ಕೆ ಸುಮಾರು 21,000 ಸಾವು ಎಂದು ಅದೇ ಸಂಸ್ಥೆಯ ಅಂದಾಜು. ಸಿಗರೇಟು ಸೇದುವವರಿಗಂತೂ ಅಪಾಯ ಇನ್ನೂ ಜಾಸ್ತಿ.

ಅಮೆರಿಕದ ನಮ್ಮ ಕನ್ನಡ ಕುಟುಂಬಗಳಿಗೆ ಇದನ್ನು ಒತ್ತಿ ಹೇಳಬೇಕು ಅನ್ನಿಸುತ್ತದೆ. ಊರಿಂದ ಅಪ್ಪ ಅಮ್ಮ ಬಂದು ಐದಾರು ತಿಂಗಳು ಇರುತ್ತಾರೆ. ಅವರಿಗೆ ಎಷ್ಟೋ ಮನೆಗಳಲ್ಲಿ ಬೇಸ್‌ಮೆಂಟಿನಲ್ಲೇ ಕೋಣೆ ಮಾಡಿಕೊಡುತ್ತೇವೆ. ಮಕ್ಕಳು ಆಡುವುದೂ ಅಲ್ಲೇ, ಮನೆಯಿಂದ ಕೆಲಸ ಮಾಡುವುದೂ ಅಲ್ಲೇ, ಅಲ್ವಾ? ರೇಡಾನ್ ಸಾಮಾನ್ಯವಾಗಿ ಜಾಸ್ತಿ ಸೇರುವುದೂ ಅಲ್ಲೇ. ಪಕ್ಕದ ಮನೆಯವರಿಗೆ ಕಡಿಮೆ ಬಂದಿದೆ ಅಂತ ಸುಮ್ನೆ ಕೂರಬೇಡಿ. ಗೋಡೆಗೆ ಗೋಡೆ ಹತ್ತಿಕೊಂಡಿದ್ದರೂ ಎರಡು ಮನೆಗಳ ಅಳತೆ ಬೇರೆಯೇ ಇರಬಹುದು.

ಪರೀಕ್ಷೆ ಕಷ್ಟವಲ್ಲ. ಅಂಗಡಿಯಲ್ಲಿ ಇದ್ದಿಲಿನ ಸಣ್ಣ ಡಬ್ಬಿಯ ಕಿಟ್ ಸಿಗುತ್ತದೆ. ಜನ ಬಳಸುವ ಅತಿ ಕೆಳಗಿನ ಕೋಣೆಯಲ್ಲಿ, ನೆಲದಿಂದ ಕನಿಷ್ಠ 20 ಇಂಚು ಮೇಲೆ ಇಡಿ. ಅಡುಗೆಮನೆ, ಬಚ್ಚಲು ಬೇಡ. 12 ಗಂಟೆ ಮುಂಚಿನಿಂದಲೇ ಕಿಟಕಿ ಮುಚ್ಚಿರಬೇಕು. ಕಿಟ್ ಮೇಲೆ ಬರೆದಷ್ಟು ದಿನ ಬಿಟ್ಟು, ತಡ ಮಾಡದೆ ಲ್ಯಾಬ್‌ಗೆ ಕಳುಹಿಸಿ. ಮೂರು ತಿಂಗಳಿಗೂ ಹೆಚ್ಚು ಕಾಲ ಇಡುವ ಕಿಟ್ ಇನ್ನೂ ನಂಬಿಕೆಯ ಅಳತೆ ಕೊಡುತ್ತದೆ.

ಅಳತೆ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆದರಿ ಮನೆ ಮಾರುವ ಅಗತ್ಯವಿಲ್ಲ. ಬಿರುಕು ಮುಚ್ಚಿದರಷ್ಟೇ ಸಾಲದು. ಲೈಸೆನ್ಸ್ ಇರುವ ಪರಿಣತರು ನೆಲಕ್ಕೆ ರಂಧ್ರ ಕೊರೆದು ಪೈಪ್ ಇಳಿಸಿ, ಫ್ಯಾನ್ ಹಾಕಿ, ಮಣ್ಣಿನ ಗಾಳಿಯನ್ನು ಸೂರಿನ ಮೇಲಕ್ಕೆ ಬಿಡುತ್ತಾರೆ. ವಾಟ್ರಸ್ ಅವರ ಮನೆಯನ್ನೂ ಸರಿಪಡಿಸಿದರು, ಕುಟುಂಬ ಮತ್ತೆ ಅಲ್ಲೇ ಬಂದು ನೆಲೆಸಿತು.

ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿ. ಪೈಪಿನ ಮೇಲೆ ಬಣ್ಣದ ದ್ರವ ತುಂಬಿದ, U ಆಕಾರದ ಸಣ್ಣ ಕೊಳವೆ ಇರುತ್ತದೆ. ಎರಡೂ ಕಡೆ ದ್ರವ ಸಮವಾಗಿದ್ದರೆ ಫ್ಯಾನ್ ಎಳೆಯುತ್ತಿಲ್ಲ ಅಂತ ಅರ್ಥ. ಬಟ್ಟೆ ಒಗೆಯಲು ಕೆಳಗಿಳಿದಾಗೆಲ್ಲ ಅದನ್ನೊಮ್ಮೆ ನೋಡಿ.